ಕನಜಾವದಲ್ಲಿ ದೊಡ್ಡಮ್ಮ ಕುಡಿದ ಸಾರು

ಫೆಬ್ರವರಿಯಲ್ಲಿ ಜಪಾನಿನ ಕನಜಾವ ನಗರ ನೋಡಲು ಹೋಗುತ್ತೇವೆ ಎಂದಾಗ ಲ್ಯಾಬಿನವರೆಲ್ಲ ನಯವಾಗಿ ತಲೆಯಾಡಿಸಿದರು. ನಮ್ಮ ಲ್ಯಾಬಿನಲ್ಲಿ ಅಷ್ಟು ನಯವಾಗಿ ತಲೆಯಾಡಿಸಿದರೆ ನಿಮಗೆ ಬೇರೆ ಕೆಲಸವಿಲ್ಲವೇ ಎಂದು ಅರ್ಥ. ಆ ತಿಂಗಳು ಅಲ್ಲಿ ಹೂವಿಲ್ಲ, ಕೆಂಪೆಲೆಯಿಲ್ಲ, ಬಿಸಿಲಂತೂ ಕೇಳಲೇಬೇಡಿ. ಆದರೆ ನನ್ನ ದೊಡ್ಡಮ್ಮನಿಗೆ ಜನಜಂಗುಳಿ ಕಂಡರೆ ಆಗುವುದಿಲ್ಲ. ಊರು ಖಾಲಿಯಿದ್ದರೆ ಇನ್ನೂ ಒಳ್ಳೆಯದು, ಕೈ ಬೀಸಿ ನಡೆಯಬಹುದು ಎಂದಳು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಮೈಸೂರಿನ ಹುಡುಗಿಯರ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿ ನಿವೃತ್ತಳಾದವಳು. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ, ಮೇಲೆ ನನ್ನ ಹಳೆಯ ದಪ್ಪ ಜಾಕೆಟ್ಟು ಹಾಕಿಕೊಂಡು ಕನಜಾವದ ಹತ್ತಿರದ ನೋಮಿ ಎಂಬ ಊರಿನ ನನ್ನ ಬಾಡಿಗೆ ಮನೆಗೆ ಬಂದು ಹತ್ತು ದಿನವಾಗಿತ್ತು. ಬಂದ ದಿನವೇ ಒಂದು ಒಪ್ಪಂದ ಮಾಡಿಕೊಂಡಳು.

"ನಂಗೆ ಇಲ್ಲಿ ಒಂದಕ್ಷರ ಓದಕ್ಕೆ ಬರಲ್ಲ. ನೀನು ತಿನ್ನು ಅಂದ್ರೆ ತಿಂತೀನಿ, ಬೇಡ ಅಂದ್ರೆ ಬಿಡ್ತೀನಿ. ಅಷ್ಟೇ."

ಮೊಟ್ಟೆ ಹಾಕಿರಬಹುದು ಎಂದು ಹುಟ್ಟುಹಬ್ಬದ ಕೇಕನ್ನೂ ಮುಟ್ಟದವಳು ಅವಳು. ಕೊಂಬಿನಿ ಎನ್ನುವ ಚಿಕ್ಕ ದಿನಸಿ ಅಂಗಡಿಗೆ ಹೋದಾಗ ನಾನು ಪ್ರತಿ ಪೊಟ್ಟಣದ ಹಿಂಭಾಗಕ್ಕೆ ಫೋನು ಹಿಡಿದು ಓದುತ್ತಿದ್ದೆ. ಅವಳು ಕೈಗಳನ್ನು ಹಿಂದೆ ಕಟ್ಟಿಕೊಂಡು ಬೆಳಗಿನ ಪ್ರಾರ್ಥನೆಗೆ ನಿಂತವಳ ಹಾಗೆ ಕಾಯುತ್ತಿದ್ದಳು. ನಾನು ಹೂಂ ಎಂದರೆ ಮುಗಿಯಿತು, ಮರುಪ್ರಶ್ನೆ ಇಲ್ಲ. ಜೀವನದಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಯಾರೂ ಕೊಟ್ಟಿರಲಿಲ್ಲ, ನನ್ನ ಪಿಎಚ್.ಡಿ. ಗೈಡ್ ಕೂಡ.

ಶನಿವಾರ ಬೆಳಿಗ್ಗೆ ರೈಲಿಳಿದವಳೇ ಬಸ್ಸು ಬೇಡ ಎಂದಳು. ಮಾರುಕಟ್ಟೆಯ ಏಡಿಗಳ ಸಾಲನ್ನು ಮೂಗಿಗೆ ಸೆರಗು ಹಿಡಿದು ದಾಟಿದೆವು. ಕೋಟೆ ಸುತ್ತಿದೆವು. ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲಿ ಎಂದು ಪೈನ್ ಮರಗಳಿಗೆ ನೆತ್ತಿಯಿಂದ ಹಗ್ಗ ಕಟ್ಟಿದ್ದ ತೋಟದಲ್ಲಿ ಅವಳು ಒಂದೊಂದು ಗಂಟನ್ನೂ ಪರೀಕ್ಷಿಸಿ, ಕೆಲಸ ಅಚ್ಚುಕಟ್ಟಾಗಿದೆ ಎಂದು ಸರ್ಟಿಫಿಕೇಟು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಒಂದು ಸುರಿಯತೊಡಗಿತು. ರಸ್ತೆಯ ಹಿಮ ಕರಗಿಸಲು ನಡುವಿನ ಕೊಳವೆಗಳಿಂದ ಚಿಮ್ಮುವ ನೀರು ಬೇರೆ. ಅವಳ ಶೂ, ಕಾಲುಚೀಲ, ಸೀರೆಯ ಅಂಚು ಎಲ್ಲ ತೊಯ್ದು ತೊಪ್ಪೆಯಾದವು.

ನಾನು ಮೊದಲೇ ಹುಡುಕಿಟ್ಟಿದ್ದ ಸಸ್ಯಾಹಾರಿ ಹೋಟೆಲಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು: ಮಾರ್ಚ್‌ನಲ್ಲಿ ತೆರೆಯುತ್ತೇವೆ. ಸೀಸನ್ ಅಲ್ಲದಾಗ ಬಂದರೆ ಇದೇ ಗತಿ. ಬ್ಯಾಗಿನಲ್ಲಿದ್ದ ಚಪಾತಿ ತಣ್ಣಗಾಗಿ ರಟ್ಟಿನಂತಾಗಿತ್ತು. ಒಂದು ತುತ್ತು ಅಗಿದು ಸಾಕು ಎಂದಳು. ದೊಡ್ಡಮ್ಮನ ತುಟಿ ನೀಲಿಯಾಗಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಎದುರಿಗೆ ಆರೇ ಕುರ್ಚಿಗಳ ಉದೋನ್ ಅಂಗಡಿಯಿತ್ತು. ಉದೋನ್ ಎಂದರೆ ದಪ್ಪ ಗೋಧಿ ಶಾವಿಗೆ, ಬಿಸಿ ಸಾರಿನಲ್ಲಿ ಮುಳುಗಿಸಿ ಕೊಡುತ್ತಾರೆ. ಆ ಸಾರಿಗೆ ಒಣಮೀನನ್ನು ಹೆರೆದು ಕುದಿಸುತ್ತಾರೆ ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಇನ್ನೊಂದು ವಿಷಯವೂ ಇತ್ತು. ಜಪಾನಿಗೆ ಬಂದ ಮೊದಲ ಚಳಿಗಾಲದಲ್ಲೇ ಜ್ವರದಿಂದ ಎದ್ದು ಅಂಥದ್ದೇ ಸಾರು ಕುಡಿದ ನಾನು, ಆಮೇಲೆ ಸಾರಿನಲ್ಲಿ ಏನಿದೆ ಎಂದು ಕೇಳುವುದನ್ನೇ ಬಿಟ್ಟಿದ್ದೆ.

ಅಂಗಡಿಯ ಅಜ್ಜಿಗೆ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿ, ಮೇಲೆ ಮೀನು ಮಾಂಸ ಏನೂ ಹಾಕದೆ ಕೊಡುತ್ತೀರಾ ಎಂದು ಕೇಳಿದೆ. 'ಮೇಲೆ' ಎನ್ನುವುದನ್ನು ಬೇಕೆಂದೇ ಸೇರಿಸಿದ್ದೆ. ಅಗತ್ಯವಾಗಿ ಕೊಡುತ್ತೇನೆ, ಈರುಳ್ಳಿ ಸೊಪ್ಪು ಮಾತ್ರ ಹಾಕುತ್ತೇನೆ ಎಂದು ಅಜ್ಜಿ ನಕ್ಕಳು. ಹೀಗೆ ನನಗೆ ಬೇಕಾದ ಉತ್ತರ ಬರುವಂಥ ಪ್ರಶ್ನೆ ಕೇಳಿ, ಆ ಮುಗ್ಧೆಯನ್ನೂ ನನ್ನ ಸುಳ್ಳಿಗೆ ಸಾಕ್ಷಿ ಮಾಡಿಕೊಂಡೆ.

ಬಟ್ಟಲು ಬಂತು. ದೊಡ್ಡಮ್ಮ ನನ್ನ ಕಡೆ ನೋಡಿ, ತಿನ್ನಬಹುದಾ ಎಂದು ಕೇಳಿದಳು. ಹೂಂ ಎಂದೆ.

ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಕೈ ಕಾಯಿಸಿಕೊಂಡಳು. ಒಂದು ಗುಟುಕು, ಇನ್ನೊಂದು ಗುಟುಕು. ಮುಖಕ್ಕೆ ಬಣ್ಣ ಬರುವುದನ್ನು ಕಣ್ಣಾರೆ ಕಂಡೆ. ತಳ ಕಾಣುವವರೆಗೆ ಕುಡಿದಳು. ಇಂಥ ಸಾರು ಎಲ್ಲೂ ಕುಡಿದಿಲ್ಲ, ಬೇಳೆಯಿಲ್ಲ, ಹುಣಸೆಯಿಲ್ಲ, ಇಷ್ಟು ರುಚಿ ಎಲ್ಲಿಂದ ಬಂತು ಎಂದಳು. ಸಮುದ್ರದ ಸೊಪ್ಪು ಹಾಕುತ್ತಾರೆ ಎಂದೆ. ಅದೂ ಹಾಕುತ್ತಾರೆ, ಸುಳ್ಳಲ್ಲ. ಹೊರಡುವಾಗ ಅಜ್ಜಿಯ ಕೈ ಹಿಡಿದು ಅರಿಗಾತೋ ಎಂದು ಧನ್ಯವಾದ ಹೇಳಿದಳು. ಅವಳಿಗೆ ಬರುತ್ತಿದ್ದ ಜಪಾನಿ ಅದೊಂದೇ.

ಮಿಕ್ಕ ದಿನವೆಲ್ಲ ಅವಳು ಹುಡುಗಿಯಂತೆ ನಡೆದಳು. ನಾನು ಹಿಂದೆ ಕಳ್ಳಿಯ ಹಾಗೆ ನಡೆದೆ. ಪ್ರಾಣಕ್ಕಿಂತ ಹೆಚ್ಚೇನು, ಚಳಿಯಲ್ಲಿ ಬಿದ್ದಿದ್ದರೆ ಏನು ಮಾಡುತ್ತಿದ್ದೆ, ಎಂದೂ ಹೇಳದಿದ್ದರಾಯಿತು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಕೇಸು ಬಹುಮಟ್ಟಿಗೆ ಗೆದ್ದೂ ಬಿಟ್ಟಿದ್ದೆ. ಸಂಜೆ ಹೋಟೆಲಿನ ರೂಮಿನಲ್ಲಿ ಅವಳು ಅಮ್ಮನಿಗೆ ಫೋನು ಮಾಡಿ ಆ ಸಾರನ್ನು ಹೊಗಳಿದಳು. ನನ್ನನ್ನು ಅದಕ್ಕಿಂತ ಹೆಚ್ಚು ಹೊಗಳಿದಳು. ಪರದೇಶದಲ್ಲಿ ಜಾತಿ ಕೆಡುತ್ತೆ ಅಂತ ಹೆದರಿಸಿದರಲ್ಲ, ನಿನ್ನ ಮಗಳು ಜೊತೆಗಿದ್ದರೆ ನನಗೇನು ಭಯ ಎಂದಳು.

ಭಾನುವಾರ ಬೆಳಿಗ್ಗೆ ಜಡೆ ಹೆಣೆದುಕೊಳ್ಳುತ್ತ, ಮೊದಲು ಆ ಅಂಗಡಿ, ಆಮೇಲೆ ಮಿಕ್ಕಿದ್ದು ಎಂದು ಕಾರ್ಯಕ್ರಮ ಹಾಕಿದಳು. ಒಂದು ಬಟ್ಟಲನ್ನು ಚಳಿಯ ತಲೆಗೆ ಕಟ್ಟಬಹುದಿತ್ತು. ಎರಡನೆಯದನ್ನು ಯಾರ ತಲೆಗೆ ಕಟ್ಟಲಿ?

ಅಂಗಡಿಗೆ ಹೋಗುವ ದಾರಿಯಲ್ಲಿ ಹಳೆಯ ಸಮುರಾಯಿ ಮನೆಗಳ ಓಣಿಯಿದೆ. ಚಳಿಗೆ ಮಣ್ಣಿನ ಗೋಡೆ ಉದುರದಿರಲೆಂದು ಹುಲ್ಲಿನ ಚಾಪೆ ಕಟ್ಟಿರುತ್ತಾರೆ. ದೊಡ್ಡಮ್ಮ ಒಂದು ಚಾಪೆಯನ್ನು ಮುಟ್ಟಿ ನೋಡುತ್ತಿದ್ದಳು. ಓಣಿಯಲ್ಲಿ ನಾವಿಬ್ಬರೇ. ನಿನ್ನೆಯ ಸಾರಿನಲ್ಲಿ ಮೀನಿತ್ತು, ನನಗೆ ಮೊದಲೇ ಗೊತ್ತಿತ್ತು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವಳ ಕೈ ಚಾಪೆಯ ಮೇಲೆಯೇ ನಿಂತಿತು. ಬೈದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು.

"ನೀನು ತಿಂತೀಯಾ?"

"ಹೂಂ."

"ಎಷ್ಟು ದಿವಸದಿಂದ?"

ಬಂದ ಮೊದಲ ವರ್ಷದಿಂದ ಎಂದೆ. ನನಗೆ ಅಳು ಬಂದೇಬಿಟ್ಟಿತು. ಅವಳು ಸಮಾಧಾನ ಮಾಡಲಿಲ್ಲ, ಮುಂದೆ ನಡೆದಳು. ಅವಳ ವೇಗಕ್ಕೆ ನಾನು ಓಡಬೇಕಾಯಿತು. ದಾರಿಯಲ್ಲಿ ಒಂದು ಚಿಕ್ಕ ದೇಗುಲ ಸಿಕ್ಕಿತು. ಬಾಗಿಲಲ್ಲಿ ಕೈಬಾಯಿ ತೊಳೆಯುವ ಕಲ್ಲಿನ ತೊಟ್ಟಿ, ಅಂಚಿನಲ್ಲಿ ಹಿಮ. ಮುಂದಿದ್ದ ಹೆಂಗಸು ಮಾಡಿದಂತೆ ಸೌಟಿನಿಂದ ಅಂಗೈಗೆ ನೀರು ಬಗ್ಗಿಸಿಕೊಂಡು ಮೂರು ಸಲ ಬಾಯಿ ಮುಕ್ಕಳಿಸಿದಳು. ಹಲ್ಲು ಮರಗಟ್ಟುವಂಥ ನೀರದು. ಸೆರಗಿನಿಂದ ತುಟಿ ಒರೆಸಿಕೊಂಡು, ಒಳಗೆ ಹೋಗಿ ಕೈಮುಗಿದು ಬಂದಳು. ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ.

ಸ್ಟೇಷನ್ನಿಗೆ ಆ ಅಂಗಡಿಯ ಮುಂದಿನಿಂದಲೇ ಹೋಗಬೇಕು. ಅಜ್ಜಿ ಬಾಗಿಲಲ್ಲಿ ಹಿಮ ಗುಡಿಸುತ್ತಿದ್ದಳು. ದೊಡ್ಡಮ್ಮನನ್ನು ಕಂಡೊಡನೆ ಗುರುತು ಹಿಡಿದು, ಪೊರಕೆ ಬದಿಗಿಟ್ಟು, ಸೊಂಟ ಬಾಗಿಸಿ ನಮಸ್ಕರಿಸಿದಳು. ದೊಡ್ಡಮ್ಮನೂ ನಿಂತು ಅಷ್ಟೇ ಬಾಗಿದಳು. ತೆರೆದ ಬಾಗಿಲಿಂದ ಹಬೆಯ ಜೊತೆ ಸಾರಿನ ವಾಸನೆ ಬಂತು.

ಹತ್ತು ಹೆಜ್ಜೆ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗದೆಯೇ ಹೇಳಿದಳು:

"ನೀನು ಹೇಳ್ದೇ ಇದ್ದಿದ್ರೆ ಇವತ್ತೂ ಕುಡೀತಿದ್ನಲ್ಲೇ."