ತಾತನ ಮಖಮಲ್ಲಿನ ಟೋಪಿ

ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕರಿಗೆ ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮುಂದಿನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಅವರ ತಾತನ ಮಖಮಲ್ಲಿನ ಟೋಪಿ ಇತ್ತು, ಗೊಂಡೆ ಅರ್ಧ ಉದುರಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ರಗ್ಬಿಯ ನಿಯಮಗಳು ಇನ್ನೂ ರೂಪುಗೊಳ್ಳುತ್ತಿದ್ದಾಗ, ಆ ತಾತ ಇಂಗ್ಲೆಂಡ್ ಪರ ಆಡಿದ್ದರು. ದೇಶಕ್ಕಾಗಿ ಆಡಿದವರಿಗೆ ಅಂಥ ಟೋಪಿ ಕೊಡುತ್ತಿದ್ದರು. ಬೇಸಿಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ರಗ್ಬಿ, ವಾರವಿಡೀ ಉಣ್ಣೆ ಗಿರಣಿಯಲ್ಲಿ ಬಣ್ಣದ ತೊಟ್ಟಿಯ ಕೆಲಸ. ಒಂದು ಆಟದಲ್ಲಿ ಬಲಭುಜ ಮುರಿಯಿತು, ಸರಿಯಾಗಿ ಕೂಡಲಿಲ್ಲ. ಗಿರಣಿಯ ಕೆಲಸ ಹೋಯಿತು. ಆಮೇಲೆ ಸಾಯುವವರೆಗೂ ತಲೆ ಬಾಚಿಕೊಂಡದ್ದು ಎಡಗೈಯಲ್ಲಿ.

ಅವರ ಕುಟುಂಬದಲ್ಲಿ ಒಂದು ಪದ್ಧತಿಯಿತ್ತು. ಯಾರೇ ಸತ್ತರೂ ಟೋಪಿ ಶವಪೆಟ್ಟಿಗೆಯ ಮೇಲೆ ಸ್ಮಶಾನಕ್ಕೆ ಹೋಗಬೇಕು. ಉಳಿದವರಲ್ಲಿ ಒಬ್ಬರು ಅದನ್ನು ಮನೆಗೆ ವಾಪಸು ತರಬೇಕು.

"ನನ್ನ ಸರದಿಗೆ ತರೋರಿಲ್ಲ," ಎಂದರು ಒಮ್ಮೆ, ಬೇಲಿಯಾಚೆಯಿಂದ. "ನೀನು ತರ್ತೀಯಾ, ಲ್ಯಾಡ್?"

ನನಗೆ ಅರವತ್ತು ದಾಟಿತ್ತು. ಅವರಿಗೆ ನಾನು ಹುಡುಗನೇ.

"ನಿಮ್ಮ ತಾತ ಆಡಿದ ಕ್ಲಬ್ಬಿಗೆ ಕೊಡಬಹುದಲ್ಲ?"

"ಎಲ್ಲಿದೆ ಕ್ಲಬ್? ಮೈದಾನದ ತುಂಬ ಮನೆ ಕಟ್ಟಿದಾರೆ. ಕಟ್ಟಿರೋದೂ ಚೆನ್ನಾಗಿಲ್ಲ."

ತರುತ್ತೇನೆ ಎಂದೆ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರು. ವಿಷಯ ಕೇಳಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ರೀ, ಸ್ಮಶಾನದಿಂದ ಯಾರಾದ್ರೂ ಮನೆಗೆ ಏನಾದ್ರೂ ತರ್ತಾರಾ? ಅದೂ ಹೆಣದ ಪೆಟ್ಟಿಗೆ ಮೇಲಿಟ್ಟಿದ್ದು."

"ದಿನಾ ಸಾವು ನೋಡ್ತೀಯಲ್ಲ ನೀನು."

"ಅದು ಡ್ಯೂಟಿ. ಇದು ಮನೆ."

ಫೆಬ್ರವರಿಯಲ್ಲಿ ಮುದುಕರು ತೀರಿಕೊಂಡರು. ಹೆಂಡತಿಗೆ ಡ್ಯೂಟಿ ಇತ್ತು. ಸ್ಮಶಾನದಲ್ಲಿ ನಾವು ಬೀದಿಯ ಕೆಲವರು, ಪಾದ್ರಿ, ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸ್. ಪೆಟ್ಟಿಗೆ ಕೆಳಗಿಳಿಸುವ ಮೊದಲು ಪಾದ್ರಿ ಟೋಪಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಿರೀಕ್ಷಿಸಿದ್ದಕ್ಕಿಂತ ಹಗುರವಾಗಿತ್ತು.

ಮನೆಗೆ ವಾಪಸು ತರಬೇಕು ಎಂದಿದ್ದರು. ಅವರ ಮನೆಗೆ ವಕೀಲರು ಬೀಗ ಹಾಕಿಸಿದ್ದರು. ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ನಮ್ಮ ಹಿತ್ತಿಲಿಗೆ ಬಂದೆ. ಅಷ್ಟರಲ್ಲಿ ಹೆಂಡತಿ ಡ್ಯೂಟಿ ಮುಗಿಸಿ ಬಂದಿದ್ದಳು. ಬಾಗಿಲಿಗೆ ಅಡ್ಡ ನಿಂತಳು.

"ಸ್ನಾನಕ್ಕೆ ನೀರು ಬಿಟ್ಟಿದೀನಿ. ಅದನ್ನ ಅಲ್ಲೇ ಇಡಿ."

ಇಡಲು ಒಣಜಾಗವಿರಲಿಲ್ಲ. ಜಡಿಮಳೆ. ನಾನು ಟೋಪಿಯ ಮೇಲೆ ಅಂಗೈ ಅಡ್ಡ ಹಿಡಿದು ನಿಂತೆ. ಅವಳು ಟೋಪಿಯನ್ನೇ ನೋಡುತ್ತಿದ್ದಳು.

"ನೆನೀತಿದೆಯಲ್ರೀ," ಎಂದು ಕೈ ಚಾಚಿ ತೆಗೆದುಕೊಂಡಳು.

ಟವೆಲ್ಲಿನಿಂದ ಒತ್ತಿ ಒರೆಸಿ, ಒಳಗೆ ಕಿಟಕಿಯ ಬಳಿ ಇಟ್ಟಳು. ನನ್ನ ಸ್ನಾನವಾದ ಮೇಲೆ, ಸ್ಮಶಾನಕ್ಕೆ ಬಾರದಿದ್ದ ಅವಳೂ ನಂಟರು ಸತ್ತಾಗ ಮಾಡುವಂತೆ ತಲೆಗೆ ನೀರು ಹಾಕಿಕೊಂಡಳು.