ಏರಿ ಕೆಳಗಿನ ಮನೆ

ಹಗರಿಬೊಮ್ಮನಹಳ್ಳಿ ಸೀಮೆಯ ನಮ್ಮೂರಿನ ಕೆರೆಗೆ ನಮ್ಮೂರ ಮಳೆ ಲೆಕ್ಕಕ್ಕೇ ಇರಲಿಲ್ಲ. ಕೂಡ್ಲಿಗಿ ಕಡೆಯ ದಿಬ್ಬಗಳ ಮೇಲೆ ಸುರಿದದ್ದು ಹೊಲ, ಹಳ್ಳ ಹಾಯ್ದು ಬಂದು ಇಲ್ಲಿ ತುಂಬುತ್ತಿತ್ತು. ತೊಂಬತ್ತರ ದಶಕದ ಆ ಹಿಂಗಾರಿನಲ್ಲೂ ಹಾಗೇ ಆಯಿತು. ನಮ್ಮ ಅಂಗಳದಲ್ಲಿ ಬಿಸಿಲು. ಕೋಡಿ ಹರಿದರೂ ಕೆರೆ ಮಾತ್ರ ಇಳಿಯಲೊಲ್ಲದು. ನಮ್ಮ ಮನೆ ಕೆರೆ ಏರಿಯ ಬುಡದಲ್ಲೇ ಇತ್ತು. ಒಳಗೆ ಹೆರಿಗೆಗೆ ಬಂದಿದ್ದ ಅಕ್ಕ, ತೊಟ್ಟಿಲಲ್ಲಿ ಇನ್ನೂ ವಾರ ತುಂಬದ ಕೂಸು.

ಏರಿಯ ಬುಡದಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಅವ್ವ ಆಗಾಗ ಹೋಗಿ ಅದನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡುತ್ತಿದ್ದಳು.

"ತಿಳಿ ಇದ್ರ ಕೆರಿ ಬೆವರಾಕತ್ತೈತಿ, ಅಷ್ಟ. ಕೆಂಪಾದ್ರ ಏರಿ ಒಳಗಿಂದ ಕರಗಾಕತ್ತೈತಿ," ಎಂದಳು ನನಗೆ.

ಈ ಲೋಟದ ಉಸಾಬರಿ ನೋಡಿ ಅಪ್ಪನಿಗೆ ತಲೆ ಕೆಟ್ಟಿತು. ಸಲಿಕೆ ತಗೊಂಡು ಹೋಗಿ, ಮಣ್ಣು ತುರುಕಿ, ತುಳಿದು, ಜಿನುಗನ್ನು ಮುಚ್ಚಿಯೇಬಿಟ್ಟ.

"ಮುಚ್ಚಬ್ಯಾಡ್ರಿ, ಮರಳು ಹಾಕ್ರಿ, ನೀರಿಗೆ ದಾರಿ ಇರ್ಲಿ," ಎಂದು ಅವ್ವ ಗೋಗರೆದಳು.

"ಈಗ ಅದೇನು ನೋಡ್ತಿ ನೋಡು!" ಎಂದು ಅವನು ಮೀಸೆಯ ಮೇಲೆ ಕೈ ಹಾಕಿದ. ನನಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಒಳಗಿಂದ ಅಕ್ಕ ಕೂಗಿದಳು: "ಅವ್ವಾ, ತೊಟ್ಟಿಲ ಕೆಳಗ ನೆಲ ಹಸಿ ಆಗೈತಿ!"

ಸಗಣಿ ಸಾರಿಸಿದ ನೆಲ ಬಿರಿದು ನೀರು ಉಕ್ಕುತ್ತಿತ್ತು. ಅವ್ವ ಬೊಗಸೆಯಲ್ಲಿ ತೆಗೆದು ಲೋಟಕ್ಕೆ ಸುರಿದಳು. ಕೆಂಪು.

"ಆ ಮಣ್ಣು ಕೀಳ್ರಿ!" ಎಂದು ಅಪ್ಪನಿಗೆ ಚೀರಿ, ಲೋಟವನ್ನು ಹೊಸ್ತಿಲಲ್ಲೇ ಬಿಟ್ಟು, ಅವ್ವ ಕೂಸನ್ನು ಎತ್ತಿಕೊಂಡಳು. ನಾನು ಅಕ್ಕನನ್ನು ಅರ್ಧ ಹೊತ್ತು, ಅರ್ಧ ನಡೆಸಿ, ಎದುರಿನ ದಿಬ್ಬ ಹತ್ತಿಸಿದೆ. ಕೆಳಗೆ ಅಪ್ಪ ತಾನೇ ತುಳಿದ ಮಣ್ಣನ್ನು ಕಿತ್ತೆಸೆಯುತ್ತಿದ್ದ. ಕೆಂಪು ನೀರು ಚಿಮ್ಮಿತು. ಅವನು ಅದರ ಮೇಲೆ ಮರಳು, ಜಲ್ಲಿ ಸುರಿಯುತ್ತಲೇ ಇದ್ದ. ಏರಿ ಒಡೆದರೆ ಮೊದಲು ಹೋಗುವವನು ಅವನೇ. ಸಿಟ್ಟೆಲ್ಲ ಮರೆತು, "ಅಪ್ಪಾ, ಬಂದುಬಿಡು" ಎಂದು ಅಳುತ್ತಾ ಕೂಗಿದೆ. ತಿರುಗಿಯೂ ನೋಡಲಿಲ್ಲ.

ಹೊತ್ತು ಇಳಿದ ಮೇಲೆ ದಿಬ್ಬ ಹತ್ತಿ ಬಂದ. ಅವ್ವನ ಲೋಟದಲ್ಲಿ ಜಿನುಗಿನ ನೀರು ಹೊಸದಾಗಿ ಹಿಡಿದು, ತುಳುಕದಂತೆ ತಂದಿದ್ದ. ಯಾವತ್ತೂ ಅವ್ವನನ್ನು ಒಂದು ಮಾತು ಕೇಳದವನು, "ನೀನ ನೋಡಿ ಹೇಳು," ಎಂದ.

ಅವ್ವ ಲೋಟವನ್ನು ಬೆಳಕಿಗೆ ಹಿಡಿದಳು. ನೀರು ಅಲುಗಾಡುವುದು ನಿಲ್ಲುವವರೆಗೂ ಕಾದು, ತಳ ನೋಡಿದಳು.

"ತಿಳಿ ಐತಿ."

ಅಪ್ಪ ಅಲ್ಲೇ ಕುಸಿದು ಕೂತ. "ಕೂಸು ಕೊಡು" ಎಂದು ಕೈ ಚಾಚಿದ.

ಅವ್ವ ಆ ಕೈಗಳನ್ನು ನೋಡಿದಳು.

"ಮೊದ್ಲು ಆ ಮಣ್ಣು ತೊಳ್ಕಂಡು ಬರ್ರಿ," ಎಂದಳು.