ಸಡಿಲಾಗದ ಹೊಟ್ಟೆ

ಕರಜಗಿಯ ಇಸ್ಮತ ಕೌದಿ ಹೊಲಿಯುವವಳು, ಊರಿನ ಸೂಲಗಿತ್ತಿಯೂ ಹೌದು. ಊರಲ್ಲಿ ಯಾರಿಗಾದರೂ ಬ್ಯಾನಿ, ಅಂದರೆ ಹೆರಿಗೆ ನೋವು, ಬಂದರೆ ಹೊಲಿಗೆ ಬದಿಗಿಟ್ಟು ಎದ್ದುಹೋಗುತ್ತಿದ್ದಳು. ಗರ್ಭಿಣಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂರುವುದೇ ಅವಳ ಕೆಲಸದ ಬಹುಭಾಗ. ಗರ್ಭಕೋಶವೆಂದರೆ ಸ್ನಾಯುವಿನ ಚೀಲ. ಅದು ಮೇಲಿನಿಂದ ಬಿಗಿಯುತ್ತ ಬಂದು ಕೆಳಗಿನ ಬಾಯಿಯನ್ನು ಸ್ವಲ್ಪಸ್ವಲ್ಪವೇ ತೆರೆಯುತ್ತದೆ, ಆಮೇಲೆ ಸಡಿಲಾಗುತ್ತದೆ. ಬಿಗಿದಾಗ ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಸಡಿಲಾದಾಗ ಮತ್ತೆ ಹರಿಯುತ್ತದೆ. ಇಸ್ಮತ ಇದನ್ನು ಓದಿದವಳಲ್ಲ. “ಬಿಗೀಬೇಕು, ಬಿಡಬೇಕು” ಎನ್ನುತ್ತಿದ್ದಳು, ಅಷ್ಟೆ.

೧೯೯೭ರ ಬೇಸಿಗೆಯಲ್ಲಿ ಮಗಳು ಆರಜೂ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ದಿನ ಶುರುವಾದ ಬ್ಯಾನಿ ಮರುದಿನ ಮಧ್ಯಾಹ್ನಕ್ಕೆ ಸೋತುಹೋಯಿತು. ಹೊಟ್ಟೆ ಬಿಗಿಯುತ್ತಿತ್ತು, ಆದರೆ ಬೆರಳೊತ್ತಿದರೆ ತಗ್ಗು ಬೀಳುವಷ್ಟು ಮೆತ್ತಗೆ.

“ಮಂದಿ ಮನ್ಯಾಗ ಹುಲಿಯಂಗ ಕುಂದರ್ತಿದ್ದಿ. ಇವತ್ತ್ಯಾಕ ಹಿಂಗ ಗಾಬರಿ ಆಗೀದಿ?” ಎಂದಳು ನೆರೆಮನೆಯ ಕಾಳವ್ವ.

“ನಿನ್ನ ಮಗಳಾಗಿದ್ರ ನೋಡ್ತಿದ್ನಿ ನಿನ್ನ ಮಾತ!”

ಬಾಗಿಲಾಚೆಯಿಂದ ಅಳಿಯ ಅಲ್ಲಾಉದ್ದೀನ ಕೇಳಿದ, “ಅತ್ತೀ, ಜತ್ತದ ದವಾಖಾನಿಗಿ ಒಯ್ಯೋಣೇನ್ರಿ?”

“ಜೀಪಿಗಿ ಹೇಳಿ ಕಳಸ್ರಿ. ಅಷ್ಟರಾಗ ಬ್ಯಾನಿ ಬರೂ ಸೂಜಿ ಮಾಡಾವ್ರನ್ನ ಕರಕೊಂಡ ಬರ್ರಿ. ಲಗೂನ.”

ಬೇರೆಯವರ ಮನೆಯಲ್ಲಿ ಅವಳು ಆ ಸೂಜಿಗೆ ಎಂದೂ ಒಪ್ಪಿದವಳಲ್ಲ. ಬ್ಯಾನಿ ಎಬ್ಬಿಸುವ ಔಷಧಿಯನ್ನು ಆಸ್ಪತ್ರೆಯಲ್ಲಿ ಸಲೈನಿನಲ್ಲಿ ಹನಿಹನಿಯಾಗಿ ಬಿಡುತ್ತಾರೆ, ಹೆಚ್ಚಾದರೆ ನಿಲ್ಲಿಸುತ್ತಾರೆ. ಊರಲ್ಲಿ ಅದನ್ನು ತೊಡೆಗೆ ಒಂದೇ ಸಲ ಚುಚ್ಚುತ್ತಿದ್ದರು; ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲಾಗದು.

ಸೂಜಿಯವನು ಬಂದು ಚುಚ್ಚಿ ಹೋದ. ಹೊಟ್ಟೆ ಗಟ್ಟಿಯಾಯಿತು. ಸಡಿಲಾಗಲೆಂದು ಇಸ್ಮತ ಕಾದಳು. ಆಗಲಿಲ್ಲ. ಆರಜೂ ಕೂಗಲು ಉಸಿರಿಲ್ಲದೆ ತಾಯಿಯ ಮಣಿಕಟ್ಟು ಹಿಡಿದಳು. ಹಲಗೆಯಂಥ ಹೊಟ್ಟೆಯೊಳಗೆ ಮಗು ಅಲುಗಲೇ ಇಲ್ಲ.

“ಅಮ್ಮಾ, ಬಿಡವಲ್ದು…”

“ಬಿಡತೈತಿ, ಬೇಟಾ,” ಎಂದಳು ಇಸ್ಮತ. ಹೀಗೆ ಬಿಗಿದೇ ಇದ್ದು ಗರ್ಭಕೋಶ ಹರಿದರೆ ತಾಯಿಯೂ ಉಳಿಯುವುದು ಕಷ್ಟವೆಂದು ಅವಳಿಗೆ ಗೊತ್ತಿತ್ತು.

ಜೀಪು ಬಂತು. ಹಿಂದಿನ ಸೀಟಿನಲ್ಲಿ ಮಗಳನ್ನು ಎಡಮಗ್ಗುಲಿಗೆ ಮಲಗಿಸಿ, ಕೈ ತೆಗೆಯದೆ ಕುಳಿತಳು. ಜತ್ತ ಹತ್ತಿರವಾದಾಗ ಬಿಗಿತ ನಿಧಾನವಾಗಿ ಇಳಿಯಿತು. ಮಗು ಒಮ್ಮೆ, ಬಲವಿಲ್ಲದೆ, ಹೊರಳಿತು.

“ಮನ್ಯಾಗ ಏನರ ಸೂಜಿ ಮಾಡಿಸೀರೇನು?” ಆಸ್ಪತ್ರೆಯಲ್ಲಿ ಡಾಕ್ಟರರು ಕೇಳಿದರು.

ಅಲ್ಲಾಉದ್ದೀನ ಅತ್ತೆಯ ಮುಖ ನೋಡಿದ. ಇಲ್ಲವೆಂದರೆ ಅವಳ ಮಾನ ಉಳಿಯುತ್ತಿತ್ತು. ಆದರೆ ಡಾಕ್ಟರರು ಗೊತ್ತಿಲ್ಲದೆ ಮತ್ತೆ ಅದೇ ಔಷಧಿ ಹಾಕಬಹುದಿತ್ತು.

“ಮಾಡಿಸೀನ್ರಿ,” ಎಂದಳು ಇಸ್ಮತ. “ನಾನ. ಬ್ಯಾನಿ ಬರೂ ಸೂಜಿ, ತೊಡಿಗಿ. ಆಮ್ಯಾಲ ಹೊಟ್ಟಿ ಬಿಡಲೇ ಇಲ್ರಿ.”

ಡಾಕ್ಟರರು ಬೈಯಲೂ ನಿಲ್ಲದೆ ಆಪರೇಶನ್ನಿಗೆ ಹೊರಟರು.

ಬಹಳ ಹೊತ್ತಿನ ಮೇಲೆ ಅಲ್ಲಾಉದ್ದೀನ ಓಡುತ್ತ ಬಂದ. “ಕೂಸು ಅತ್ತತ್ರಿ, ಅತ್ತೀ! ಹೆಣ್ಣು!”

“ಆರಜೂ?”

“ಚಲೋ ಅದಾಳಂತ್ರಿ.”

ಇಸ್ಮತ ಮಗಳಿದ್ದ ಕೋಣೆಯತ್ತ ನಡೆದಳು.